ಕೆಮ್ಮಿನ ಕೋಳಿಗಳು

ಒಗೆಯುವ ಕಲ್ಲಿನ ಮೇಲೆ ಕಾರ್ಖಾನೆಯ ಮೇಲಂಗಿ ಹಾಸಿಕೊಂಡು ಅವಳು ಉಗುರಿನಲ್ಲಿ ಕೆರೆಯುತ್ತಿದ್ದಳು. ಬ್ರಷ್ಷಿಗೆ ಬಾರದ್ದು ಉಗುರಿಗೆ ಬರಬೇಕು. ತೋಳಿನ ಮೇಲೊಂದು ಹಸಿರು ಚೀಟಿ, ಬೆನ್ನಿಗೆರಡು, ಜೇಬಿನೊಳಗೆ ಉಂಡೆಗಟ್ಟಿದ್ದು ಇನ್ನೊಂದಿಷ್ಟು. ಎಲ್ಲದರ ಮೇಲೂ ಅಚ್ಚಾಗಿದ್ದುದು ಒಂದೇ ಮಾತು: ಹಲಾಲ್. ಸಾಬೂನಿಗೆ ಜಗ್ಗದು, ಬಿಸಿನೀರಿಗೆ ಬಗ್ಗದು.

“ಅಂಟು ಮಾಡ್ದೋನು ಮಾತ್ರ ನಿಯತ್ತಿನ ಮನುಷ್ಯ ಕಣೇ,” ಎಂದರು ಅತ್ತೆ, ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಬೇಳೆ ಆರಿಸುತ್ತಾ. “ಹಿಡಿದದ್ದು ಬಿಡಲ್ಲ.”

ಮನೆ ತುಂಬ ಆ ಚೀಟಿಗಳೇ. ಅವಳ ಬಟ್ಟೆಗೆ ಅಂಟಿಕೊಂಡು ಬಂದು ಸಿಕ್ಕಸಿಕ್ಕಲ್ಲಿ ಇಳಿದುಕೊಳ್ಳುತ್ತಿದ್ದವು. ಬಕೆಟ್ಟು ಹಲಾಲ್, ಪೊರಕೆ ಹಲಾಲ್, ಗಂಡನ ಎಡಗಾಲಿನ ಚಪ್ಪಲಿ ಹಲಾಲ್; ಬಲಗಾಲಿನದಕ್ಕೆ ಇನ್ನೂ ಅಪ್ಪಣೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಗೋಡೆಯ ಮೇಲೆ ಠೀವಿಯಿಂದ ನಡೆದುಹೋಯಿತು. ಬಾಲದ ಬುಡದಲ್ಲಿ ಹಸಿರು ಚೀಟಿ.

“ಅಯ್ಯೋ ನನ್ ತಾಯಿ! ಬೆಕ್ಕನ್ನೂ ಬಿಡ್ಲಿಲ್ವಲ್ಲೇ ನೀನು!”

ಅವಳು ನಕ್ಕಳು. ಕಾರ್ಖಾನೆಯಲ್ಲಿ ಅವಳನ್ನು ಚೀಟಿಯಕ್ಕ ಎನ್ನುತ್ತಿದ್ದರು. ಕೊಯ್ದು, ಪುಕ್ಕ ಕಿತ್ತು, ತಣ್ಣಗೆ ಕೊರೆಯುವ ಕೋಣೆಯೊಳಗಿಂದ ಕೊಕ್ಕೆಗೆ ನೇತುಬಿದ್ದು ಬರುವ ಕೋಳಿಯನ್ನು ಇಳಿಸಿ, ತಟ್ಟೆಗೆ ಹಾಕಿ, ಮೇಲೊಂದು ಚೀಟಿ ಅಂಟಿಸುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅದೇ. ಬೆರಳುಗಳು ಊದಿ ಬಾಳೆಕಾಯಿಯಾಗಿದ್ದವು. ಮನೆಗೆ ಬಂದು ಬೆಚ್ಚಗಿನ ನೀರಿಗೆ ಕೈ ಅದ್ದಿದರೆ ಬೆರಳೊಳಗೆ ಇರುವೆ ಹರಿದಂತಾಗುತ್ತಿತ್ತು. ಹೆಸರು ಮಾತ್ರ ಚೀಟಿಯಕ್ಕ. ಬೆಳಗ್ಗೆ ಬೆರಳು ಮಡಚಿ ಅವಳಿಗೆ ಒಂದು ಚೀಟಿ ಹಿಡಿಯಲಾಗುತ್ತಿರಲಿಲ್ಲ.

ಒಳಗೆ ಅವಳ ಗಂಡ ಕುಂಬಳಕಾಯಿ ಹೆಚ್ಚುತ್ತಿದ್ದ. ಕತ್ತಿ ಇಳಿದಾಗಲೆಲ್ಲ ಅವನ ತುಟಿ ಅಲುಗುತ್ತಿತ್ತು. ಒಂದು ಹೋಳು, ಒಂದು ಬಿಸ್ಮಿಲ್ಲಾ. ಇನ್ನೊಂದು ಹೋಳು, ಇನ್ನೊಂದು ಬಿಸ್ಮಿಲ್ಲಾ.

“ಕುಂಬಳಕಾಯಿ ಎಲ್ಲಿಗೂ ಓಡೋಗಲ್ಲ ಕಣೋ. ಶುರುವಿಗೆ ಒಂದು ಸಲ ಹೇಳಿದ್ರೆ ಸಾಕು,” ಎಂದರು ಅತ್ತೆ.

ಅವನೇನು ಮಾಡಿಯಾನು? ಅಭ್ಯಾಸ. ಅದೇ ಕಾರ್ಖಾನೆಯಲ್ಲಿ ಅವನು ಕತ್ತಿಯ ಹತ್ತಿರ ನಿಂತು ದುಡಿದವನು. ಅವನ ಗಂಟಲು ಅಷ್ಟು ಚೆನ್ನ. ಯಂತ್ರಗಳು ಎಷ್ಟೇ ಕಿರುಚಲಿ, ಅವನು ಕೋಳಿಯ ಮೇಲೆ ದೇವರ ಹೆಸರು ಹೇಳಿದರೆ ಕೊನೆಯ ಕೋಣೆಯವರೆಗೆ ಗಂಟೆ ಹೊಡೆದಂತೆ ಕೇಳುತ್ತಿತ್ತು. ಅದಕ್ಕೇ ಎಲ್ಲರೂ ಗಂಟಲಣ್ಣ ಎನ್ನುತ್ತಿದ್ದರು. ಒಂದು ಕೋಳಿ, ಒಂದು ಉಸಿರು, ಒಂದು ಹೆಸರು. ಆಮೇಲೆ ಕಂಪನಿಯವರು ಸರಪಳಿಯ ಓಟ ಹೆಚ್ಚಿಸಿದರು. ಮತ್ತೆ ಹೆಚ್ಚಿಸಿದರು. ಒಂದು ಉಸಿರಿಗೆ ಮೂರು ಕೋಳಿ ಬರತೊಡಗಿದವು. ಅವನು ಓಡುವ ಬಸ್ಸಿನ ಹಿಂದೆ ಓಡುವವನಂತೆ ಆ ಹೆಸರಿನ ಹಿಂದೆ ಓಡಿದ. ಗಂಟಲು ಹರಿಯಿತು. ಕೆಮ್ಮಿದರೆ ರಕ್ತದ ಎಳೆ.

ಆಗ ಸೂಪರ್‌ವೈಸರ್ ಅಕ್ಕರೆಯಿಂದ ಬಂದ. ಅವನ ಹೆಸರು ಬೇಗಬೇಗ. ಅವನ ಬಾಯಿಂದ ಬೇರೆ ಮಾತು ಬಾರದ್ದರಿಂದ ಹೆಣ್ಣುಮಕ್ಕಳೇ ಇಟ್ಟ ಹೆಸರು. “ಹೊಸಬರಿಗೆ ಕಲಿಸೋಕೆ ಬೇಕು, ಇದರಲ್ಲಿ ಸ್ವಲ್ಪ ಹೇಳಪ್ಪಾ,” ಎಂದು ಮೊಬೈಲು ಚಾಚಿದ. ಗಂಟಲಣ್ಣ ಹೇಳಿದ. ಎರಡು ದಿನ ಕಳೆದು ಬರುವಷ್ಟರಲ್ಲಿ ಅವನು ನಿಲ್ಲುವ ಜಾಗದಲ್ಲಿ ಒಂದು ತಿರುಗುವ ಕತ್ತಿಯ ಚಕ್ರವಿತ್ತು. ಅದರ ಮೇಲೊಂದು ಸ್ಪೀಕರ್, ಚೀಟಿ ಅಂಟಿಸುವ ಕಡೆ ಇನ್ನೊಂದು. ಸ್ಪೀಕರಿನಲ್ಲಿ ಅವನೇ.

“ನನ್ನ ಗಂಟಲು ಕೆಲಸದಲ್ಲೇ ಇದೆ. ಮನೇಗೆ ಕಳಿಸಿದ್ದು ಮಿಕ್ಕ ಮೈಯನ್ನ,” ಎಂದು ಅವನು ಅಂದು ಮನೆಗೆ ಬಂದು ಹೇಳಿದ್ದ. ಎಲ್ಲರೂ ನಕ್ಕಿದ್ದರು. ನಗದೆ ಇನ್ನೇನು?

ಹೀಗಾಗಿ ಚೀಟಿಯಕ್ಕನ ಸಂಸಾರ ವಿಚಿತ್ರವಾಯಿತು. ಹಗಲೆಲ್ಲ ಗಂಡನ ದನಿ ತಲೆಯ ಮೇಲೆ. ಅದು ದಣಿಯದು, ನೀರು ಕೇಳದು, ಪಾಯಖಾನೆಗೆ ಹೋಗದು. ಸಂಜೆ ಮನೆಗೆ ಬಂದರೆ ಗಂಡ ಪಿಸುಗುಟ್ಟುತ್ತಿದ್ದ.

“ನಿನ್ನ ಯಜಮಾನ್ರು ಇವತ್ತು ಬಲು ಜೋರು,” ಎಂದು ಜೊತೆಯ ಹೆಂಗಸರು ಛೇಡಿಸುತ್ತಿದ್ದರು.

“ಇಲ್ಲಿ ಕೂಗಲಿ ಬಿಡ್ರೇ. ಮನೇಲಿ ನಂದೇ ಜೋರು,” ಎನ್ನುತ್ತಿದ್ದಳು.

ಆದರೆ ಆ ದನಿಯಲ್ಲಿ ಒಂದು ಕೆಮ್ಮಿತ್ತು. ಮೊಬೈಲಿಗೆ ಹೇಳಿಸಿಕೊಳ್ಳುವ ಹೊತ್ತಿಗಾಗಲೇ ಅವನ ಗಂಟಲು ಹರಿದಿತ್ತಲ್ಲ, ಮಧ್ಯದಲ್ಲೊಮ್ಮೆ ಉಸಿರು ಕಟ್ಟಿ ಖೊಕ್ ಖೊಕ್ ಎಂದು ಕೆಮ್ಮಿದ್ದ. ಬೇಗಬೇಗ ಅದನ್ನು ಕತ್ತರಿಸುವ ಗೋಜಿಗೆ ಹೋಗಿರಲಿಲ್ಲ. ಒಂದು ಸುತ್ತು ಮುಗಿದು ಮತ್ತೆ ಶುರುವಾದಾಗಲೆಲ್ಲ ಅದೇ ಜಾಗಕ್ಕೆ ಅದೇ ಕೆಮ್ಮು. ಕತ್ತಿ ಕೆಮ್ಮಿಗೆ ಕಾಯುತ್ತದೆಯೇ? ಆ ಹೊತ್ತಿಗೆ ಅದರಡಿ ಸಿಕ್ಕ ಕೋಳಿಗಳ ಮೇಲೆ ಯಾರ ಹೆಸರೂ ಬೀಳುತ್ತಿರಲಿಲ್ಲ. ಬರೀ ಕೆಮ್ಮು ಬೀಳುತ್ತಿತ್ತು.

ಇದು ಮೊದಲು ಹೊಳೆದದ್ದು ಅವಳಿಗೆ. ಗಂಡನ ಕೆಮ್ಮು ಹೆಂಡತಿಗಲ್ಲದೆ ಯಾರಿಗೆ ಕೇಳಬೇಕು? ಹೊಳೆದ ಮೇಲೆ ಕೈ ತಡವರಿಸಿತು. ಹೆಸರಿಲ್ಲದ ಕೋಳಿಗೆ ಹಸಿರು ಚೀಟಿ ಅಂಟಿಸುವುದು ಹೇಗೆ? ಅದನ್ನು ಕೊಂಡುಹೋಗುವವರು ಅವಳಂಥವರೇ. ಅಕ್ಕಪಕ್ಕದ ಬೀದಿಯವರು. ಚೀಟಿ ನೋಡಿ, ನಂಬಿ, ಮಕ್ಕಳ ತಟ್ಟೆಗೆ ಹಾಕುವವರು.

ಅವಳಿಗೊಬ್ಬಳು ಗೆಳತಿ, ಮೋರಿಯಕ್ಕ. ಚಕ್ರದ ಆಚೆ ನಿಂತು ರಕ್ತವನ್ನು ಮೋರಿಗೆ ತಳ್ಳುವವಳು. ಅವಳ ದೇವರು ಬೇರೆ, ಮೊಣಕಾಲು ನೋವು ಮಾತ್ರ ಇಬ್ಬರಿಗೂ ಒಂದೇ. ಚೀಟಿಯಕ್ಕ ಅವಳಿಗೆ ವಿಷಯ ಹೇಳಿದಳು. ಕೆಮ್ಮು ಬಂದಾಗ ಚಕ್ರದಡಿ ಹೋಗುವ ಕೋಳಿಗಳ ಕೊಕ್ಕೆಗೆ ಒಂದೊಂದು ಹುರಿಯ ತುಂಡು ಸಿಕ್ಕಿಸುತ್ತೀಯಾ ಎಂದು ಕೇಳಿದಳು.

“ಕೆಮ್ಮಿನ ಕೋಳಿಗಳು!” ಮೋರಿಯಕ್ಕ ಹೊಟ್ಟೆ ಹಿಡಿದು ನಕ್ಕಳು. “ಆಗ್ಲಿ ಬಿಡಕ್ಕಾ, ನನ್ಗೇನು, ನಿನ್ ಗಂಡ ಕೆಮ್ದಾಗೆಲ್ಲ ಒಂದು ಗಂಟು.”

ಚೀಟಿಯಕ್ಕನ ಮುಂದೆ ಚೀಟಿಯ ಸುರುಳಿಗಳು ಎರಡಿದ್ದವು. ಎಡಗಡೆ ಹಸಿರು, ಹಲಾಲ್‌ನದು. ಬಲಗಡೆ ಹಳದಿ. ಹಳದಿಯ ಮೇಲೆ ಹುಲ್ಲುಗಾವಲು, ಮೇಲೆ ಸೂರ್ಯ, ಕೆಳಗೆ ನಗುವ ಕೋಳಿಯೊಂದರ ಚಿತ್ರ, ‘ಸುಖವಾಗಿ ಬೆಳೆದ ಕೋಳಿ’ ಎಂಬ ಬರಹ. ಒಂದೇ ಶೆಡ್ಡಿನ ಕೋಳಿ, ಒಂದೇ ಕೊಕ್ಕೆ, ಒಂದೇ ಕತ್ತಿ. ನಂಬಿಕೆಯವರ ಅಂಗಡಿಗೆ ಹಸಿರು, ಕನಿಕರದವರ ಅಂಗಡಿಗೆ ಹಳದಿ. ಹಳದಿಗೆ ಬೆಲೆ ತುಸು ಜಾಸ್ತಿ. ನಗುವ ಕೋಳಿ ಬಿಟ್ಟಿ ನಗುತ್ತದೆಯೇ?

ಅಂದಿನಿಂದ ಹುರಿ ಸಿಕ್ಕಿಸಿದ ಕೋಳಿಗಳಿಗೆಲ್ಲ ಅವಳು ಹಳದಿ ಅಂಟಿಸಿದಳು. ಲೆಕ್ಕ ತಪ್ಪುತ್ತಿರಲಿಲ್ಲ, ಎರಡೂ ಬಣ್ಣದ ಡಬ್ಬಿಗಳು ತುಂಬುತ್ತಿದ್ದವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮನೆಗೆ ಬಂದು ನೆಮ್ಮದಿಯಿಂದ ನಮಾಜು ಮಾಡಿ ಮಲಗುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಮೋರಿಯಕ್ಕ ಬುತ್ತಿಯ ಮುಚ್ಚಳ ತೆಗೆಯುತ್ತಾ ಹೇಳಿದಳು:

“ನಮ್ಮವ್ವನಿಗೆ ಹುಷಾರಿರ್ಲಿಲ್ಲ ನೋಡು, ಡಾಕ್ಟ್ರು ಒಳ್ಳೇ ಕೋಳಿ ಸಾರು ಕೊಡಿ ಅಂದ್ರು. ಹೆಚ್ಚು ಕೊಟ್ಟು ಹಳದಿ ಚೀಟೀದೇ ತಂದೆ. ಸುಖವಾಗಿ ಬೆಳೆದಿದ್ದು ತಿಂದ್ರೆ ಅವ್ವನೂ ಸುಖವಾಗಿರ್ತಾಳೆ ಅಂತ.” ಒಂದು ತುತ್ತು ನುಂಗಿ ಕಣ್ಣು ಮಿಟುಕಿಸಿದಳು. “ಆಮೇಲೆ ಹೊಳೀತು. ನಿನ್ ಗಂಡನ್ ಕೆಮ್ಮೆಲ್ಲಾ ನಮ್ಮವ್ವನ ಹೊಟ್ಟೆಗೇ ಹೋಯ್ತಲ್ಲಕ್ಕಾ!”

ಅವಳು ತಮಾಷೆಗೆ ಅಂದಿದ್ದಳು. ಚೀಟಿಯಕ್ಕ ತನ್ನ ಬುತ್ತಿಯ ಮುಚ್ಚಳ ಹಾಕಿಬಿಟ್ಟಳು. ನಮ್ಮವರಿಗೆ ಹೇಳುವ ಸುಳ್ಳು ಪಾಪ, ಇವಳಿಗೆ ಹೇಳುವ ಸುಳ್ಳು ಪಾಪವಲ್ಲವೇ? ದಿನವೂ ರಕ್ತದಲ್ಲಿ ನಿಲ್ಲುವ ಮೋರಿಯಕ್ಕನೇ ಆ ನಗುವ ಚಿತ್ರವನ್ನು ನಂಬಿ ಹೆಚ್ಚು ಕೊಟ್ಟು ಕೊಂಡಳಲ್ಲ!

ಸಂಜೆ ಅತ್ತೆಗೆ ಹೇಳಿದಳು. ಅತ್ತೆ ಆಗ ಒಂದು ಕೋಳಿಯನ್ನು ಪರಾತದಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ವಾರಕ್ಕೊಮ್ಮೆ ಕಂಪನಿಯವರು ಕೆಲಸದವರಿಗೆ ಒಂದೊಂದು ಕೋಳಿ ಕೊಡುತ್ತಿದ್ದರು. ರೆಕ್ಕೆ ಮುರಿದದ್ದು, ಚರ್ಮ ಹರಿದದ್ದು, ಅಂಗಡಿಗೆ ಸಲ್ಲದ್ದು.

“ಬಾ ಇಲ್ಲಿ. ಇದರ ಮಂಡಿ ನೋಡು. ಯಾಕೆ ಹೀಗೆ ಕಪ್ಪಗೆ ಸುಟ್ಟಿದೆ?”

“ಕಾಲಿಗೆ ಬಲ ಇರಲ್ಲ ಅತ್ತೆ. ಮೈ ಬೇಗ ಬೆಳೆಯೋ ಹಾಗೆ ಮಾಡ್ತಾರೆ, ಕಾಲು ಅಷ್ಟು ಬೇಗ ಬೆಳೆಯಲ್ಲ. ನಿಲ್ಲೋಕಾಗ್ದೆ ತಮ್ಮ ಹೇಲಿನ ಮೇಲೇ ಕೂತಿರ್ತವೆ. ಅದಕ್ಕೇ ಸುಡುತ್ತೆ.”

“ಹೊರಗೆ ಬಿಡಲ್ವಾ?”

“ಹೊರಗೆ ಅಂದ್ರೆ ಲಾರಿ ಒಂದೇ. ಕಾರ್ಖಾನೆಗೆ ಬರೋವಾಗ.”

ಅತ್ತೆ ಕೋಳಿಯನ್ನು ಕೆಳಗಿಟ್ಟರು. “ನಮ್ಮಪ್ಪ ಕೋಳಿ ಕೊಯ್ಯೋವಾಗ ಮೊದಲು ನೀರು ಕುಡಿಸೋನು. ಕತ್ತಿ ಅದರ ಕಣ್ಣೆದುರಿಗೆ ಮಸೀತಿರ್ಲಿಲ್ಲ, ಹಿಂದಕ್ಕೆ ಹೋಗಿ ಮಸೆಯೋನು. ಒಂದರ ಮುಂದೆ ಇನ್ನೊಂದನ್ನ ಕೊಯ್ತಿರ್ಲಿಲ್ಲ. ‘ಜೀವ ತಗೋಳ್ತೀವಿ, ಮರ್ಯಾದೆ ತಗೋಬಾರದು’ ಅನ್ನೋನು. ನೀನು ಕೆಮ್ಮಿನ ಕೋಳಿ ಆರಿಸ್ತಾ ಕೂತಿದ್ದೀಯ. ಕೆಮ್ಮಿಲ್ಲದ ಕೋಳಿ ಗತಿ ಏನೇ? ಆ ಸ್ಪೀಕರ್ ಡಬ್ಬಕ್ಕೆ ನಾಲಿಗೆ ಇದ್ಯಾ? ಡಬ್ಬಕ್ಕೆ ಈಮಾನ್ ಇದ್ಯಾ, ನಂಬಿಕೆ ಇದ್ಯಾ? ಹುಟ್ಟಿದಾಗಿನಿಂದ ಬಿಸಿಲು ಕಾಣದೆ, ಕಾಲು ಮುರ್ಕೊಂಡು ಬಂದಿದ್ದಕ್ಕೆ ಕೊನೇ ಗಳಿಗೇಲಿ ಒಂದು ಮಾತು ಕೇಳಿಸಿದ್ರೆ ಎಲ್ಲಾ ಹಲಾಲ್ ಆಗೋಯ್ತಾ?”

“ಮತ್ತೆ ತಿನ್ನೋದೇನತ್ತೆ? ಸಂತೇಲಿ, ಬಯಲಲ್ಲಿ ಬಿಟ್ಟು ಸಾಕಿದ ಕೋಳಿ ಬೆಲೆ ಕೇಳಿದೀರಾ? ನನ್ನ ಒಂದು ದಿನದ ದುಡಿಮೆಗೆ ಅದರ ಒಂದು ಕಾಲು ಬರಲ್ಲ.”

“ಅದೇ ನೋಡು,” ಎಂದರು ಅತ್ತೆ. “ಸಾಹುಕಾರರಿಗೆ ಕೋಳಿ, ಬಡವರಿಗೆ ಚೀಟಿ.”

ಅಂದು ಬೇಳೆ ಬೆಂದಿತು. ಮರುದಿನವೂ ಬೇಳೆಯೇ. ಮೂರನೆಯ ದಿನ ಗಂಟಲಣ್ಣ ತಟ್ಟೆ ನೋಡಿ, “ಬೇಳೆ ಮೇಲೂ ಬಿಸ್ಮಿಲ್ಲಾ ಹೇಳಿ ಹೇಳಿ ಅದಕ್ಕೇ ಪುಕ್ಕ ಬರೋ ಹಾಗಾಗಿದೆ,” ಎಂದ. ಆದರೆ ಕೋಳಿ ತಾ ಎನ್ನಲಿಲ್ಲ.

ಅವನ ಹತ್ತಿರ ಒಂದು ಕಾಗದವಿತ್ತು. ಕೆಲಸದಿಂದ ಕಳಿಸಿದ ವಾರವೇ ಬರೆಯಲು ಕೂತದ್ದು, ಹಲಾಲ್ ಮುದ್ರೆ ಕೊಡುವ ಮಂಡಳಿಯ ಹಿರಿಯರಿಗೆ. ಕಳಿಸಲು ಮಾತ್ರ ಕೈ ಬರಲಿಲ್ಲ. ಶುಕ್ರವಾರ ಆಗಲಿ ಎಂದ. ಅಕ್ಷರ ಚೆನ್ನಾಗಿಲ್ಲ ಎಂದು ಮತ್ತೆ ಬರೆದ. ಸೋದರಮಾವನಿಗೆ ಒಂದು ಮಾತು ಕೇಳೋಣ ಎಂದ. ಕೇಳಿದ್ದೇ ತಪ್ಪಾಯಿತು. ಸೋದರಮಾವ ಅತ್ತೆಯ ತಮ್ಮ, ಮಸೀದಿ ಕಮಿಟಿಯಲ್ಲಿ ಇರುವವರು, ಕಾರ್ಖಾನೆಗೆ ಆಳು ಕೊಡುವವರೂ ಅವರೇ. ಗಂಡ ಹೆಂಡತಿ ಇಬ್ಬರನ್ನೂ ಅಲ್ಲಿ ಸೇರಿಸಿದ್ದು ಅವರೇ. “ಸದ್ಯಕ್ಕೆ ಬೇಡಪ್ಪಾ, ನಾನೇ ಮಾತಾಡ್ತೀನಿ,” ಎಂದಿದ್ದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ.

“ಓದು ಕೇಳೋಣ,” ಎಂದಿದ್ದರು ಅತ್ತೆ ಒಮ್ಮೆ. ಅವನು ಓದಿದ. ಗೌರವಾನ್ವಿತ, ಪರಮಪೂಜ್ಯ, ದಯಾಳು, ತಮ್ಮ ಪಾದದ ಧೂಳಾದ... ಅತ್ತೆ ಆಕಳಿಸಿದರು. “ಸಲಾಮಿಗೇ ಒಂದು ಪುಟ ಆಯ್ತಲ್ಲೋ. ಸಂಗತಿ ಹೇಳೋ ಹೊತ್ತಿಗೆ ಅವರು ನಿದ್ದೆ ಮಾಡಿರ್ತಾರೆ.” ಸಂಗತಿ ಕೊನೆಯ ಎರಡು ಸಾಲಿನಲ್ಲಿತ್ತು: ನನ್ನ ಕೆಲಸ ನನಗೆ ಕೊಡಿಸಬೇಕು.

ಹೀಗೆ ಕಾಗದ ತಲೆದಿಂಬಿನಡಿ ಬೆಚ್ಚಗೆ ಮಲಗಿತ್ತು, ಆ ಮಂಗಳವಾರದವರೆಗೆ.

ಆ ದಿನ ದೊಡ್ಡ ಆರ್ಡರ್ ಬಂದಿತ್ತು. ಸರಪಳಿ ನಿಲ್ಲುವಂತಿಲ್ಲ ಎಂದು ಬೇಗಬೇಗ ಬೆಳಗ್ಗೆಯೇ ಕೂಗಿ ಹೇಳಿದ್ದ. ಕಾರ್ಖಾನೆಯ ಹೆಂಗಸರು ಮನೆಯಿಂದ ನೀರು ಕುಡಿದು ಬರುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಕೇಳಬೇಕಾಗುತ್ತದೆ. ಎಲ್ಲರ ತುಟಿಯೂ ಒಡೆದಿರುತ್ತಿತ್ತು. ಚೀಟಿಯಕ್ಕ ಅಂದು ಒಂದು ಲೋಟ ಕುಡಿದಿದ್ದಳು. ಜ್ವರದ ಮಾತ್ರೆ ನುಂಗಲು. ಅಷ್ಟೇ ಅವಳ ಅಪರಾಧ.

ಮಧ್ಯಾಹ್ನದ ಹೊತ್ತಿಗೆ ಕೈ ಎತ್ತಿದಳು. “ಸಾರ್, ಹೋಗ್ಬೇಕಿತ್ತು.”

“ಊಟದ ಬೆಲ್ಲಿಗೆ.”

ಊಟದ ಬೆಲ್ಲು ಹೊಡೆಯಲಿಲ್ಲ. ಆರ್ಡರ್ ಮುಗಿಯುವವರೆಗೆ ಬೆಲ್ಲಿಗೂ ರಜೆ. ಅವಳು ಮತ್ತೆ ಕೈ ಎತ್ತಿದಳು. ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ಕೋಳಿ ಇಳಿಸು, ತಟ್ಟೆಗೆ ಹಾಕು, ಚೀಟಿ ಒತ್ತು. ಇಳಿಸು, ಹಾಕು, ಒತ್ತು. ಕೆಳಹೊಟ್ಟೆ ಕಲ್ಲಾಗಿತ್ತು.

“ಸಾರ್, ಆಗ್ತಿಲ್ಲ ಸಾರ್. ಒಂದು ನಿಮಿಷ.”

ಬೇಗಬೇಗ ಹತ್ತಿರ ಬಂದ. ಮೇಲಿನ ಸ್ಪೀಕರಿನತ್ತ ಬೆರಳು ತೋರಿಸಿದ. “ನಿನ್ ಗಂಡನ್ನ ನೋಡಿ ಕಲಿ. ಬೆಳಿಗ್ಗಿಂದ ಒಂದ್ಸಲನಾದ್ರೂ ಕೇಳಿದ್ನಾ?”

ಕೆಲವರು ನಕ್ಕರು. ನಗಬೇಕೆಂದು ನಕ್ಕದ್ದಲ್ಲ, ನಗದಿದ್ದರೆ ಅವನ ಕಣ್ಣು ತಮ್ಮ ಮೇಲೆ ಬೀಳುತ್ತದೆಂದು ನಕ್ಕರು. ಸ್ಪೀಕರಿನಲ್ಲಿ ಅವಳ ಗಂಡ ದೇವರ ಹೆಸರು ಹೇಳುತ್ತಲೇ ಇದ್ದ. ಅವಳು ಇನ್ನೊಂದು ಕೋಳಿ ಇಳಿಸಿದಳು. ಅದನ್ನು ತಟ್ಟೆಗೆ ಹಾಕಲು ಬಗ್ಗಿದಳು. ಬಗ್ಗಿದ್ದೇ ಸಾಕಾಯಿತು.

ಬಿಸಿಯಾಗಿ ತೊಡೆಯ ಮೇಲೆ ಇಳಿಯಿತು. ಬೂಟು ತುಂಬಿತು. ಸುತ್ತಲಿನ ಹೆಂಗಸರು ತಲೆ ತಗ್ಗಿಸಿದರು. ಯಾರ ಕೈಯೂ ನಿಲ್ಲಲಿಲ್ಲ. ಬೇಗಬೇಗ ಕೋಳಿ ತೊಳೆಯುವ ಪೈಪು ಎಳೆದು ತಂದು ನೆಲಕ್ಕೆ ನೀರು ಬಿಟ್ಟ. ಅವಳು ಅಲ್ಲೇ ನಿಂತಿದ್ದಳು. ಅವಳ ಕಾಲಿಗೂ ಬಿಟ್ಟ. ಸೊಂಟದವರೆಗೂ ಬಿಟ್ಟ. ಬಕೆಟ್ಟಿಗೆ ಬಿಟ್ಟಂತೆ.

“ಆಯ್ತಲ್ಲ? ಈಗ ಬೇಗಬೇಗ.”

ಖೊಕ್ ಖೊಕ್ ಎಂದಿತು ಸ್ಪೀಕರ್.

ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಯ್ಯುವ ಮುಂಚೆ ಅತ್ತೆಯ ಅಪ್ಪ ಕೋಳಿಗೆ ನೀರು ಕುಡಿಸುತ್ತಿದ್ದನಂತೆ. ಇಲ್ಲಿ ಕೋಳಿಗೆ ನೀರಿಲ್ಲ. ಹೆಂಗಸರಿಗೆ ಕುಡಿಯಲು ನೀರಿಲ್ಲ. ಹೆಂಗಸನ್ನು ತೊಳೆಯಲು ಬೇಕಾದಷ್ಟಿದೆ.

ಅವಳು ಹಸಿರು ಸುರುಳಿಯನ್ನು ಮೊಳೆಯಿಂದ ಕಳಚಿದಳು. ಹಳದಿಯದನ್ನೂ ಕಳಚಿದಳು. ಎರಡನ್ನೂ ಬೇಗಬೇಗನ ಕೈಗೆ ಕೊಟ್ಟಳು. ಅವನಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ, ಪ್ರಸಾದ ತೆಗೆದುಕೊಳ್ಳುವವನಂತೆ ತೆಗೆದುಕೊಂಡ.

“ನಾನು ಅಂಟಿಸಲ್ಲ.”

“ಏನು?”

“ಹಸಿರೂ ಅಂಟಿಸಲ್ಲ. ಹಳದೀನೂ ಅಂಟಿಸಲ್ಲ. ಇದು ಹಲಾಲ್ ಅಲ್ಲ. ಸುಖವಾಗಿ ಬೆಳೆದದ್ದೂ ಅಲ್ಲ. ನೀವೇ ಅಂಟಿಸ್ಕೊಳ್ಳಿ.”

“ತಲೆ ಕೆಟ್ಟಿದ್ಯಾ? ಗೇಟಿನಾಚೆ ಇರ್ತೀಯ!”

“ನಾನೇ ಹೋಗ್ತಿದೀನಲ್ಲ. ನೀವ್ಯಾಕೆ ತಳ್ತೀರಾ, ನಿಮ್ಮ ಕೈ ತುಂಬ ಸುಖ ಇದೆ.”

ಈ ಸಲ ಹೆಂಗಸರು ನಿಜವಾಗಿಯೂ ನಕ್ಕರು. ಕೋಳಿಗಳು ಬರುತ್ತಲೇ ಇದ್ದವು. ಇಳಿಸುವವರಿಲ್ಲದೆ ಒಂದರ ಹಿಂದೊಂದು ಗುದ್ದಿಕೊಂಡವು. ಬೇಗಬೇಗ ಪಕ್ಕದವಳಿಗೆ ‘ನೀನು ಅಂಟಿಸು’ ಎಂದ. ಅವಳು ಬೆರಳು ತೋರಿಸಿ ಮಡಚಲಾಗುತ್ತಿಲ್ಲ ಸಾರ್ ಎಂದಳು. ಅದು ಸುಳ್ಳೇನಲ್ಲ, ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು ಅಷ್ಟೇ. ಕೊನೆಗೆ ಸರಪಳಿ ನಿಲ್ಲಿಸಬೇಕಾಯಿತು. ಸ್ಪೀಕರನ್ನು ನಿಲ್ಲಿಸುವುದು ಮರೆತಿದ್ದರು. ಚೀಟಿಯಕ್ಕ ಗೇಟು ದಾಟುವಾಗಲೂ ಅವಳ ಗಂಡ ಒಳಗೆ ನಿಂತುಹೋದ ಕತ್ತಿಗೆ ದೇವರ ಹೆಸರು ಹೇಳುತ್ತಲೇ ಇದ್ದ.

ಮನೆಗೆ ಬಂದು ಮೈತೊಳೆದು, ನೀರಿನ ಹೂಜಿ ಎತ್ತಿ ಗಟಗಟ ಕುಡಿದಳು. ಆದದ್ದನ್ನು ಹೇಳಿದಳು. ಗಂಟಲಣ್ಣ ಗೋಡೆಗೆ ಮುಖ ಮಾಡಿ ಕೂತ. “ನನ್ನ ದನಿ ಕೇಳ್ತಾ ಇತ್ತಾ? ಅವನು ನಿನಗೆ ನೀರು ಬಿಡೋವಾಗ?” ಎಂದು ಕೇಳಿದ. ಹೌದು ಎಂದಳು.

ಸೂರ್ಯ ಮುಳುಗುವ ಮೊದಲೇ ಸೋದರಮಾವ ಬಂದರು. ಚಪ್ಪಲಿ ಬಿಡುವಾಗಲೇ ಶುರು: “ಏನಮ್ಮಾ ಇದು? ಉಂಡ ಮನೆ ಜಂತೆ ಎಣಿಸೋದಾ?”

“ಅಲ್ಲಿ ಉಣ್ಣೋಕೆ ಬೆಲ್ಲೇ ಹೊಡೀಲಿಲ್ಲ ಮಾವಾ.”

“ಬಾಯಿ ಮಾತ್ರ ಚೂಪು. ಸರಿ ಬಿಡು, ಅವನು ಮಾಡಿದ್ದೂ ತಪ್ಪೇ. ನಾನು ಮಾತಾಡಿ ಬಂದಿದೀನಿ. ನಾಳೆ ಹೋಗು. ಜ್ವರ ಇತ್ತು, ತಲೆ ತಿರುಗಿತ್ತು ಅನ್ನು. ಮುಗೀತು.” ಅಳಿಯನ ಕಡೆ ತಿರುಗಿದರು. “ನಿನಗೂ ಒಂದು ಒಳ್ಳೇ ಸುದ್ದಿ. ಸರಪಳಿ ನಿಂತಾಗ ಕೊಕ್ಕೆ ಮೇಲಿನ ಹುರಿ ಕಣ್ಣಿಗೆ ಬಿದ್ದು, ವಿಚಾರಿಸಿದಾಗ ವಿಷಯ ಗೊತ್ತಾಯ್ತು ಅವರಿಗೆ. ಕೆಮ್ಮು ಇರೋದು ಸರಿಯಲ್ಲ ಅಂತ ಒಪ್ಕೊಂಡ್ರು. ನೀನು ಒಂದು ಸಲ ಬಂದು, ಕೆಮ್ಮಿಲ್ಲದ ಹಾಗೆ ಹೊಸದಾಗಿ ಹೇಳಿಬಿಡು. ಗೇಟಿನಲ್ಲಿ ಕಾವಲು ಕೆಲಸ ಖಾಯಂ. ಕೂತು ತಿನ್ನೋ ಕೆಲಸ.”

ಗೇಟಿನ ಕೆಲಸ, ಕುರ್ಚಿ, ಖಾಯಂ. ಚೀಟಿಯಕ್ಕ ಗಂಡನ ಮುಖ ನೋಡಿದಳು. ಇಷ್ಟು ದಿನ ಅವನು ಕೇಳುತ್ತಿದ್ದದ್ದು ಇದನ್ನೇ. ಒಪ್ಪಿದರೆ ಅವಳು ಏನೂ ಹೇಳುತ್ತಿರಲಿಲ್ಲ.

“ಕೆಮ್ಮಿಲ್ಲದೆ ಹೇಳಬೇಕಾ ಮಾವಾ?” ಎಂದ ಅವನು.

“ಒಂದೇ ಸಲ. ಜೇನುತುಪ್ಪ ಕುಡ್ಕೊಂಡು ಹೋಗು.”

“ಆ ದನೀಲಿ ನಿಜ ಅಂತ ಇದ್ದಿದ್ದು ಕೆಮ್ಮು ಒಂದೇ. ಅದನ್ನೂ ತೆಗೀಬೇಕಾ?”

“ಏನೋ ಮಾತಾಡ್ತೀಯಾ!”

“ಹೇಳಲ್ಲ ಮಾವಾ. ಇದ್ದದ್ದನ್ನೂ ವಾಪಸ್ ಕೇಳ್ತೀನಿ. ಕಾಗದ ಕಳಿಸ್ತೀನಿ.”

ಸೋದರಮಾವ ಚಾಪೆಯ ಮೇಲೆ ಕುಸಿದರು. ಈ ಸಲ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಭಯವಿತ್ತು. “ಕಾಗದ ಹೊರಗೆ ಬಿದ್ರೆ ಏನಾಗುತ್ತೆ ಗೊತ್ತಾ? ನಮ್ಮನ್ನ ಕಂಡ್ರೆ ಆಗದೋರು ಕಾಯ್ತಾ ಕೂತಿದಾರೆ. ನೋಡಿ, ಇವರ ಹಲಾಲೇ ಸುಳ್ಳು ಅಂತ ಚಪ್ಪಾಳೆ ತಟ್ತಾರೆ. ನಮ್ಮ ಮಾನ ನಾವೇ ಬೀದೀಲಿ ಹರಾಜು ಹಾಕೋದಾ?”

ಇದೇ ಮಾತು ಇಷ್ಟು ದಿನ ಕಾಗದವನ್ನು ದಿಂಬಿನಡಿ ಹಿಡಿದಿಟ್ಟಿತ್ತು.

“ತಟ್ಲಿ ಮಾವಾ,” ಎಂದಳು ಚೀಟಿಯಕ್ಕ. “ಒಂದು ಕೈ ಹಸಿರು, ಒಂದು ಕೈ ಹಳದಿ. ಅವರ ಮನೆಗೆ ಹೋಗೋದೂ ಇದೇ ಕೋಳಿ, ನಾನೇ ಅಂಟಿಸಿದ್ದು. ಮೋಸ ಹೋದೋರು ಮೋಸ ಹೋದೋರಿಗೆ ಚಪ್ಪಾಳೆ ತಟ್ಟಿದ್ರೆ ಯಾರಿಗೆ ಲಾಭ, ಕಂಪನಿಗೆ. ಮಾನ ಅಂದ್ರಲ್ಲ, ನನ್ನ ಮಾನ ಇವತ್ತು ಪೈಪಿನ ನೀರಲ್ಲಿ ಮೋರಿಗೆ ಹೋಯ್ತು. ಆಗ ತಲೆ ಮೇಲೆ ದೇವರ ಹೆಸರು ಕೇಳ್ತಿತ್ತು. ಆ ಹೆಸರಿಗೆ ಮಾನ ಇಲ್ವಾ?”

“ತಮ್ಮಾ,” ಎಂದರು ಅತ್ತೆ ನಿಧಾನವಾಗಿ. “ನೀನು ಚಿಕ್ಕೋನಿದ್ದಾಗ ಅಪ್ಪ ಕೋಳಿಗೆ ನೀರು ಕುಡಿಸೋ ಬಟ್ಟಲು ನೀನೇ ಹಿಡ್ಕೋತಿದ್ದೆ. ಕಣ್ಣಲ್ಲಿ ನೀರು. ಆ ಹುಡುಗ ಎಲ್ಲಿ ಹೋದ ಕಣೋ?”

ಸೋದರಮಾವ ಚಹಾ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಬಹಳ ಹೊತ್ತು ಚಪ್ಪಲಿ ಹುಡುಕಿದರು, ಅದು ಕಾಲ ಬುಡದಲ್ಲೇ ಇತ್ತು. “ಕಳಿಸಲೇಬೇಕು ಅಂದ್ರೆ ಕಳಿಸಿ. ಹೆಸರು, ವಿಳಾಸ ಮಾತ್ರ ಹಾಕ್ಬೇಡಿ. ಅಷ್ಟಾದ್ರೂ ಕೇಳಿ ನನ್ನ ಮಾತು,” ಎಂದು ಹೋದರು.

ಅವರು ಹೋದ ಮೇಲೆ ಗಂಟಲಣ್ಣ ದಿಂಬಿನಡಿಯ ಕಾಗದ ತೆಗೆದು ನಾಲ್ಕು ತುಂಡು ಮಾಡಿದ. ಹೊಸ ಹಾಳೆ ಇಟ್ಟುಕೊಂಡ. ಅಭ್ಯಾಸ ಬಿಡದು, ಗೌರವಾನ್ವಿತ ಎಂದು ಶುರು ಮಾಡಿದ.

“ಸಲಾಮ್ ಒಂದು ಸಾಕು,” ಎಂದರು ಅತ್ತೆ.

ಹೆಂಡತಿ ಹೇಳಿದಳು, ಅವನು ಬರೆದ. ಕತ್ತಿಯ ಹತ್ತಿರ ಡಬ್ಬ ಬೇಡ, ಮನುಷ್ಯ ನಿಲ್ಲಬೇಕು. ಅವನಿಗೆ ಉಸಿರಾಡಲು ಬಿಡುವಿರಬೇಕು, ಸರಪಳಿ ಅವನ ಉಸಿರಿನ ಹಿಂದೆ ಬರಬೇಕು. ಮುದ್ರೆ ಕೊಡುವ ಮುಂಚೆ ಶೆಡ್ಡಿಗೆ ಬಂದು ಕೋಳಿಯ ಕಾಲು ನೋಡಿ. ಆಮೇಲೆ ನಮ್ಮ ಕೈ ನೋಡಿ. ಹೆಂಗಸರು ನೀರು ಕುಡಿಯುತ್ತಾರೆಯೇ ಎಂದು ಕೇಳಿ. ಅಲ್ಲಿಯವರೆಗೆ ಹಸಿರು ಚೀಟಿ ಇಳಿಸಿ.

“ಕೆಲಸ ವಾಪಸ್ ಕೊಡಿ ಅಂತ ಬರೀಲಾ?”

“ಬರೀರಿ. ಬಿಡೋದ್ಯಾಕೆ? ಹಲಾಲ್ ಆದ ಮೇಲೆ ಅಂತ ಸೇರಿಸಿ.”

ಮರುದಿನ ಬೆಳಗ್ಗೆ ಇಬ್ಬರೂ ಅಂಚೆ ಕಚೇರಿಗೆ ನಡೆದರು. ಕೆಲಸದ ಹೊತ್ತಿನಲ್ಲಿ ಹೀಗೆ ಬೀದಿಯಲ್ಲಿ ಜೊತೆಯಾಗಿ ನಡೆದು ಎಷ್ಟು ಕಾಲವಾಗಿತ್ತೋ. ಬಿಸಿಲು ಹಿತವಾಗಿತ್ತು. ದಾರಿಯಲ್ಲಿ ಅವನು ಕಡಲೆಕಾಯಿ ಕೊಂಡ, ಅವಳು ಸಿಪ್ಪೆ ಬಿಡಿಸಲಾರದೆ ಕೈ ಚಾಚಿದಳು, ಅವನು ಬಿಡಿಸಿ ಬಿಡಿಸಿ ಕೊಟ್ಟ.

ಕಿಟಕಿಯ ಗುಮಾಸ್ತ ಲಕೋಟೆಯನ್ನು ತೂಗಿದ. ಹಿಂದೆ ಮುಂದೆ ತಿರುಗಿಸಿದ.

“ಕಳಿಸೋರ ವಿಳಾಸ ಎಲ್ರೀ?”

ಗಂಟಲಣ್ಣ ಹೆಂಡತಿಯತ್ತ ವಾಲಿದ. “ಮಾವ ಬೇಡ ಅಂದಿದಾರೆ,” ಎಂದು ಪಿಸುಗುಟ್ಟಿದ. “ವಿಳಾಸ ಹಾಕಿದ್ರೆ ಯಾರ್ಯಾರು ಮನೆ ಬಾಗಿಲಿಗೆ ಬರ್ತಾರೋ.”

“ಬರ್ಲಿ ಅಂತ ತಾನೇ ಬರೆದಿದ್ದು?”

ಅವಳು ಕಿಟಕಿಯ ದಾರಕ್ಕೆ ಕಟ್ಟಿದ್ದ ಪೆನ್ನು ಎಳೆದಳು. ಬೆರಳು ಮಡಚಲಾಗಲಿಲ್ಲ. ಎರಡು ಅಂಗೈಗಳ ನಡುವೆ ಪೆನ್ನು ಹಿಡಿದು, ಲಕೋಟೆಯ ಮೂಲೆಯಲ್ಲಿ ಮನೆ, ಬೀದಿ ಎಲ್ಲವನ್ನೂ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು. ಹಿಂದಿನ ಸಾಲು ಉದ್ದವಾಯಿತು. ಯಾರೋ ಗೊಣಗಿದರು. ಅವಳು ಅವಸರ ಮಾಡಲಿಲ್ಲ.

ಗುಮಾಸ್ತ ಓದಿ ನೋಡಿದ, ಠಪ್ಪೆಂದು ಮುದ್ರೆ ಒತ್ತಿದ, ಬೆನ್ನ ಹಿಂದಿನ ಚೀಲಕ್ಕೆ ಎಸೆದ.

“ಮುಂದೆ ಯಾರು?” ಎಂದ.